ರೈಟ್ ಅಂದಿದ್ದು ಯಾರು?

ಇದು ನಿಜವಾಗಿ ನಡೆದದ್ದು. ನಾನು 'ನಿಜವಾಗಿ' ಎಂದಾಗಲೆಲ್ಲ ಬೇರೆ ಯಾರದೋ ದನಿಯಲ್ಲಿ ಹೇಳುವುದರಿಂದ ನಮ್ಮ ಮನೆಯಲ್ಲಿ ಯಾರೂ ನಂಬುವುದಿಲ್ಲ. ಈ ಸಲ ದನಿಯೂ ನನ್ನದೇ, ಕಥೆಯೂ ನನ್ನದೇ. ಅನುಮಾನ ಇದ್ದವರು ತುಮಕೂರು–ಕುಣಿಗಲ್ ಬಸ್ಸಿನ ಕಂಡಕ್ಟರ್ ಕದರಯ್ಯನನ್ನು ಕೇಳಬಹುದು. ಆದರೆ ಉತ್ತರ ಕೊಟ್ಟದ್ದು ಅವನೋ ನಾನೋ ಎಂಬುದನ್ನು ನೀವೇ ತೀರ್ಮಾನಿಸಿಕೊಳ್ಳಬೇಕು.

ನಾನು ರೂಪಶ್ರೀ. ಮನೆ ತುಮಕೂರಿನ ಶಿರಾ ಗೇಟ್ ಹತ್ತಿರ, ಕೆಲಸ ಕುಣಿಗಲ್‌ನ ಒಂದು ಖಾಸಗಿ ಲ್ಯಾಬಿನಲ್ಲಿ. ಬಂದವರ ತೋಳಿಗೆ ಸೂಜಿ ಚುಚ್ಚಿ ರಕ್ತ ತೆಗೆಯುವುದು ನನ್ನ ಉದ್ಯೋಗ. ಹೀಗಾಗಿ ಕುಣಿಗಲ್ ತಾಲ್ಲೂಕಿನ ಅರ್ಧ ಜನರ ಜೊತೆ ನನಗೆ ರಕ್ತಸಂಬಂಧ. ಗಂಡ ಶಿವಮೂರ್ತಿ ಗುಬ್ಬಿ ಕಡೆ, ಬಿದರೆಹಳ್ಳ ಕಾವಲ್‌ನ ಹೆಲಿಕಾಪ್ಟರ್ ಕಾರ್ಖಾನೆಯಲ್ಲಿದ್ದಾರೆ. ಅವರು ಹಾರುವುದನ್ನು ಕಟ್ಟುತ್ತಾರೆ, ನಾನು ಹಾರಿ ಬಸ್ಸು ಹತ್ತುತ್ತೇನೆ. ಬೆಳಿಗ್ಗೆ ಅವರು ಒಂದು ದಿಕ್ಕಿಗೆ, ನಾನು ಇನ್ನೊಂದು ದಿಕ್ಕಿಗೆ. ನಡುವೆ, ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿ, ಒಂದನೇ ಕ್ಲಾಸಿನ ಮಗಳು ಇಂಪನಾ, ಮೂರು ವರ್ಷದ ಮಗ ಗುರು, ಅವರಿಬ್ಬರನ್ನು ಕಾಯುವ ನಮ್ಮತ್ತೆ ಸರ್ವಮಂಗಳಮ್ಮ.

ಅತ್ತೆ ಹಾಗಲವಾಡಿಯವರು. ಮಾತು ಹಾಗಲಕಾಯಿ, ಕೈ ಮಾತ್ರ ಬೆಲ್ಲ. ಎದ್ದು ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಅಡುಗೆಮನೆಗೆ ಬಂದರೆಂದರೆ ಮಕ್ಕಳಿಗೆ ಹೊಟ್ಟೆ ತುಂಬಿತೆಂದೇ ಲೆಕ್ಕ. ಆ ಲೆಕ್ಕ ತಪ್ಪಿಸಿದವನು ಗುರು. ಅವನಿಗೆ ಹಸಿವಾಗುತ್ತದೆ, ಬಾಯಿಯನ್ನೂ ತೆರೆಯುತ್ತಾನೆ, ತುತ್ತನ್ನೂ ತೆಗೆದುಕೊಳ್ಳುತ್ತಾನೆ. ಆದರೆ ನುಂಗುವುದಿಲ್ಲ. ತುತ್ತು ಎಡಗೆನ್ನೆಗೆ ಹೋಗಿ ಬಾಡಿಗೆದಾರನ ಹಾಗೆ ಕೂತುಬಿಡುತ್ತದೆ. ಬೆಳಿಗ್ಗೆ ಇಟ್ಟ ಇಡ್ಲಿ ಮಧ್ಯಾಹ್ನ ನಿದ್ದೆಯಲ್ಲೂ ಅಲ್ಲೇ ಇರುತ್ತದೆ. ಅತ್ತೆ ಅವನ ಕೆನ್ನೆ ಒತ್ತಿ, ಮೂಗು ಹಿಡಿದು, ಕೊನೆಗೆ ತಾವೇ ಅತ್ತು ನೋಡಿದರು. ಗುರು ಅವರನ್ನು ಪಾಪ ಅನ್ನುವ ಹಾಗೆ ನೋಡಿದ, ನುಂಗಲಿಲ್ಲ.

ಒಂದು ಸಂಜೆ ಬಸ್ಸಿನಿಂದ ಇಳಿದು, ಕಾಲು ತೊಳೆಯುವುದಕ್ಕೂ ಮೊದಲು ತಟ್ಟೆ ಹಿಡಿದು ಕೂತ ನನ್ನ ಬಾಯಿಂದ ಕದರಯ್ಯನ ದನಿ ಬಂತು. ದಿನವೂ ಕಿವಿಗೆ ಬೀಳುವ ದನಿ, ಕಿವಿಯಲ್ಲಿ ಜಾಗ ಸಾಲದೆ ಬಾಯಿಂದ ಹೊರಬಿತ್ತು.

"ಗೂಳೂರ್ ಗೂಳೂರ್ ಗೂಳೂರ್! ಯಾರ್ರೀ ಗೂಳೂರ್! ಬಾಗ್ಲಲ್ಲಿ ನಿಲ್ಬ್ಯಾಡಿ, ಒಳೀಕ್ ಬನ್ನಿ, ಒಳ್ಗಡೆ ಜಾಗ ಅದೆ!"

ಗುರು ಬಾಯಿ ತೆರೆದ. ತುತ್ತು ಹತ್ತಿತು. "ರೈಟ್!" ಅಂದೆ. ನುಂಗಿದ!

ಅಂದಿನಿಂದ ಅವನ ಬಾಯಿ ಬಸ್ಸು, ತುತ್ತು ಪ್ಯಾಸೆಂಜರ್. ಗೂಳೂರಿನಲ್ಲಿ ಒಂದಿಷ್ಟು ಹತ್ತುತ್ತವೆ, ನಾಗವಲ್ಲಿಯಲ್ಲಿ ಒಂದಿಷ್ಟು, ಹೆಬ್ಬೂರಿನಲ್ಲಿ ರಶ್ಶು, ಕುಣಿಗಲ್ ಲಾಸ್ಟ್ ಸ್ಟಾಪು. "ಕುಣಿಗಲ್, ಎಲ್ಲಾ ಇಳೀರಿ" ಎಂದರೆ ಕೆನ್ನೆಯಲ್ಲಿ ಅಡಗಿದ್ದದ್ದೂ ಹೊಟ್ಟೆಗೆ ಇಳಿಯಬೇಕು. ಎಲ್ಲದರ ಕೊನೆಗೆ ಜೋರಾಗಿ ಒಂದು "ರೈಟ್". ಅದು ಇಲ್ಲದಿದ್ದರೆ ಗಂಟಲು ಹೊರಡುವುದಿಲ್ಲ.

ಅತ್ತೆಯೂ ಪ್ರಯತ್ನಪಟ್ಟರು. ಆದರೆ ಅವರ ಕಂಡಕ್ಟರಿಕೆಯಲ್ಲಿ ಮರ್ಯಾದೆ ಜಾಸ್ತಿ. "ಬಾ ನಮ್ಮಪ್ಪ, ಹತ್ಕೋ, ನಿಧಾನುಕ್ ಕೂತ್ಕೋ, ಊರಲ್ಲೆಲ್ಲಾ ಚೆಂದಾಗವ್ರಾ?" ಎಂದು ತುತ್ತನ್ನು ಮಾತಾಡಿಸಿದರು.

"ಅಜ್ಜಿ ಬಸ್ಸು ಬ್ಯಾಡ," ಎಂದ ಗುರು. "ಕದ್ರಯ್ಯನ್ ಬಸ್ಸೇ ಬೇಕು."

ಹೀಗಾಗಿ ನಾನು ಬೆಳಿಗ್ಗೆ ನಿಜವಾದ ಬಸ್ಸಿನಲ್ಲಿ ಕೂತು, ಹಿಂದಿನ ಸೀಟಿನ ಮೂಲೆಯಲ್ಲಿ ವೇಲು ಹೊದ್ದುಕೊಂಡು, ಫೋನಿನಲ್ಲಿ ಸುಳ್ಳು ಬಸ್ಸು ಓಡಿಸತೊಡಗಿದೆ. ಆ ಕಡೆ ಇಂಪನಾ ಫೋನನ್ನು ಸ್ಪೀಕರಿಗೆ ಹಾಕಿ ತಮ್ಮನ ಕಿವಿಗೆ ಹಿಡಿಯುತ್ತಿದ್ದಳು. ಅಸಲಿ ಕದರಯ್ಯ ಮುಂದಿನ ಬಾಗಿಲಲ್ಲಿ ನೇತಾಡುತ್ತ ಕೂಗುತ್ತಿದ್ದರೆ, ಹಿಂದೆ ನಾನು ಪಿಸುದನಿಯಲ್ಲಿ ಅವನನ್ನೇ ಕೂಗುತ್ತಿದ್ದೆ. ಅವನಿಗೆ ಗೊತ್ತಿರಲಿಲ್ಲ. ಗೊತ್ತಾಗಬಾರದು ಎಂದು ನನಗೂ ಇತ್ತು. ಒಬ್ಬರ ದನಿ ಕದ್ದು ಅವರೆದುರಿಗೇ ಟಿಕೆಟ್ ತೆಗೆದುಕೊಳ್ಳುವುದು ಸುಲಭವಲ್ಲ.

ಇಷ್ಟರಲ್ಲಿ ಅತ್ತೆ ಒಂದು ಬೆಳಿಗ್ಗೆ ಮೆಟ್ಟಿಲ ಮೇಲೆ ಮಂಡಿ ಹಿಡಿದು ಕೂತರು.

"ನೋಡೇ ರೂಪ, ನಾನು ಬೇಜಾರಿಗೆ ಹೇಳ್ತಿಲ್ಲ ಕಣೇ. ಈ ಮೆಟ್ಲು ಹತ್ತಿ ಇಳ್ಯೋ ಹೊತ್ಗೆ ಜೀವ ಬಾಯಿಗ್ ಬರ್ತದೆ. ಬೆಳಗಿಂದ ಸಂಜೆವರ್ಗೂ ಇಬ್ರುನ್ನ ಒಬ್ಳೇ ಹಿಡಿಯೋಕಾಗಲ್ಲ. ಈ ಅಮಾಸೆ ಕಳೀಲಿ, ಹಾಗಲವಾಡಿಗ್ ಹೋಗ್ತೀನಿ. ಅರ್ಧ ದಿನ ನೀನು ಮನ್ಲಿರೋ ಹಂಗಿದ್ರೆ ಮಾತು ಬ್ಯಾರೆ."

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅದೇ ಕಷ್ಟ. ತಪ್ಪಿದ್ದರೆ ಜಗಳವಾದರೂ ಆಡಬಹುದಿತ್ತು. ಅತ್ತೆ ಹೋದರೆ ನಾನು ಕೆಲಸ ಬಿಡಬೇಕು. ಮಗನನ್ನು ಬೇರೆಯವರ ಹತ್ತಿರ ಬಿಡೋಣವೆಂದರೆ, ಪ್ರತಿ ತುತ್ತಿಗೂ ಬಸ್ಸು ಓಡಿಸಿ ಎಂದು ಯಾರಿಗೆ ಹೇಳುವುದು? ಸೂಜಿ ಹಿಡಿಯುವ ಕೆಲಸ ನನಗೆ ಇಷ್ಟ. ಬೆಳಿಗ್ಗೆ ಬಿಳಿ ಕೋಟು ಹಾಕಿಕೊಂಡ ಕೂಡಲೇ ನಾನು ಯಾರ ಅಮ್ಮನೂ ಅಲ್ಲ, ಯಾರ ಸೊಸೆಯೂ ಅಲ್ಲ, ನರ ಹುಡುಕುವ ಒಂದು ಮನುಷ್ಯಜೀವ. ನರ ಸಿಕ್ಕಿತೆಂದರೆ ನನ್ನ ನರಜನ್ಮ ಸಾರ್ಥಕ. ಅದನ್ನು ಬಿಡಲು ಮನಸ್ಸಿರಲಿಲ್ಲ.

ದಾರಿ ಒಂದೇ ಇತ್ತು. ನಮ್ಮ ಲ್ಯಾಬಿನ ಒಡತಿ ಡಾಕ್ಟರ್ ಗಂಗಾಂಬಿಕೆ ಮೇಡಂ ತುಮಕೂರಿನಲ್ಲಿ, ಅದೂ ಶಿರಾ ಗೇಟ್ ಹತ್ತಿರವೇ, ಒಂದು ಬ್ರಾಂಚು ತೆರೆಯುವವರಿದ್ದರು. ರಕ್ತ ತೆಗೆದು ಕುಣಿಗಲ್‌ಗೆ ಕಳಿಸುವ ಸಣ್ಣ ಬ್ರಾಂಚು, ಬೆಳಗಿನ ಕೆಲಸ ಮಾತ್ರ. ಅಲ್ಲಿಗೆ ಒಬ್ಬರನ್ನು ಕಳಿಸಬೇಕು. ನಾನಿದ್ದೆ, ಇಲ್ಲವೇ ಪ್ರಮೀಳಾ. ಪ್ರಮೀಳಾ ಕುಣಿಗಲ್‌ನವಳೇ, ನನ್ನ ಪಕ್ಕದ ಟೇಬಲ್ಲಿನವಳು, ಮದುವೆಯಾಗಿಲ್ಲ, ಫೋನು ಮುಟ್ಟುವುದಿಲ್ಲ, ಮೇಡಂ ಕೆಮ್ಮಿದರೂ ಎದ್ದು ನಿಲ್ಲುತ್ತಾಳೆ. ಮೇಡಂ ಇಲ್ಲದಾಗ ನಾನು ಪರದೆಯ ಹಿಂದೆ ನಿಂತು ಮೇಡಂ ಹಾಗೆ ಕೆಮ್ಮಿದರೂ ಎದ್ದು ನಿಲ್ಲುತ್ತಿದ್ದಳು. ಅದೊಂದು ಬೇರೆ ಸುಖ.

ನಾನು ಬಾಯಿಬಿಟ್ಟು ಕೇಳಿದಾಗ ಮೇಡಂ ಕನ್ನಡಕದ ಮೇಲಿಂದ ನೋಡಿದ್ದರು. ಅವರ ಮಾತಿನಲ್ಲಿ ಪ್ರತಿ ಪದದ ನಂತರವೂ ಒಂದು ಫುಲ್‌ಸ್ಟಾಪ್ ಇರುತ್ತದೆ.

"ರೂಪಶ್ರೀ. ನಿನ್ನ ಕೈ ಚೆನ್ನಾಗಿದೆ. ಆದ್ರೆ. ಚಿಕ್ಕ ಮಕ್ಕಳಿರೋ ಮನೆ ಅಂದ್ರೆ ದಿನಾ ಎಮರ್ಜೆನ್ಸಿ. ಬ್ರಾಂಚಲ್ಲಿ ನೀನೊಬ್ಳೇ ಇರ್ತೀಯ. ಕೈಲಿ ಸೂಜಿ, ಕಿವೀಲಿ ಫೋನು. ಆಗಲ್ಲ."

"ಇಲ್ಲ ಮೇಡಂ, ನಮ್ಮ ಮಕ್ಕಳು ಫೋನೇ ಮಾಡಲ್ಲ. ತುಂಬಾ ಶಾಂತ," ಎಂದೆ. ಅಷ್ಟು ದೊಡ್ಡ ಸುಳ್ಳನ್ನು ನನ್ನ ಸ್ವಂತ ದನಿಯಲ್ಲಿ ಹೇಳಿದ್ದು ಅದೇ ಮೊದಲು.

"ನೋಡೋಣ. ಸೋಮವಾರ ಹೇಳ್ತೀನಿ."

ಸೋಮವಾರ ಬಂತು. ಬೆಳಗಿನಿಂದ ಸೋನೆ ಮಳೆ. ಬಸ್ಸಿನ ಕಿಟಕಿಗಳ ಮೇಲೆಲ್ಲ ನೀಲಿ ಟಾರ್ಪಾಲು ಎಳೆದಿದ್ದರು. ಒಳಗೆ ಕೂತವರಿಗೆ ಹೊರಗೆ ಯಾವ ಊರು ಎಂದು ಕದರಯ್ಯನ ಬಾಯಿಂದಲೇ ಗೊತ್ತಾಗಬೇಕು. ಮುಂದಿನ ಸೀಟಿನಲ್ಲಿ ಯಾರೋ ಶಾಲು ಮುಸುಕು ಹಾಕಿಕೊಂಡು ನಿದ್ದೆ ಹೋಗಿದ್ದರು. ನಾನು ಹಿಂದೆ ನನ್ನ ಮೂಲೆಯಲ್ಲಿ. ಪಕ್ಕದಲ್ಲಿ ವೀಳ್ಯದೆಲೆ ಬುಟ್ಟಿ ಇಟ್ಟುಕೊಂಡ ರಂಗಲಕ್ಷ್ಮಮ್ಮ ಎಂಬ ಅಜ್ಜಿ. ಕುಣಿಗಲ್ ಸಂತೆಗೆ ಎಲೆ ಮಾರಲು ಹೊರಟಿದ್ದವರು, ಸೀಟಿಗೆ ಕೂತ ಕೂಡಲೇ ತಮ್ಮ ಹೆಸರು, ಮಗನ ಹೆಸರು, ಸೊಸೆಯ ದೋಷಗಳು ಎಲ್ಲವನ್ನೂ ಹೇಳಿ ಮುಗಿಸಿದ್ದರು.

ನಾಗವಲ್ಲಿ ದಾಟುವಾಗ ಫೋನು ಬಂತು. ಅತ್ತೆ.

"ರೂಪಾ, ಇವ್ನು ರಾತ್ರಿಯಿಂದ ಏನೂ ನುಂಗಿಲ್ಲ ಕಣೇ. ನೆಗಡಿಗೆ ಮೂಗು ಕಟ್ಕೊಂಡದೆ, ಮೈ ಬೆಚ್ಗದೆ. ಊಟ ಆದ್ಮೇಲೇ ಸಿರಪ್ ಕೊಡ್ಬೇಕು ಅಂದಿದ್ದಾರೆ ಡಾಕ್ಟ್ರು. ಇಡ್ಲಿ ಕೆನ್ನೇಲಿ ಮಡ್ಗಿಕೊಂಡು ಗೂಬೆ ಹಂಗೆ ನೋಡ್ತಾ ಕೂತವ್ನೆ."

"ಫೋನ್ ಕೊಡಿ ಅತ್ತೆ."

ವೇಲನ್ನು ತಲೆಯ ಮೇಲೆ ಎಳೆದುಕೊಂಡು ಪಿಸುಗುಟ್ಟಿದೆ. "ಗೂಳೂರ್ ಗೂಳೂರ್..."

ಆ ಕಡೆಯಿಂದ ಇಂಪನಾ: "ಅಮ್ಮಾ, ವಾಲ್ಯೂಮ್ ಬರ್ತಿಲ್ಲ. ಬಸ್ ಸ್ಟಾರ್ಟೇ ಆಗ್ಲಿಲ್ಲ ಅಂತಿದಾನೆ."

ಸ್ವಲ್ಪ ಜೋರಾಗಿ ಹೇಳಿದೆ. ನಮ್ಮ ಬಸ್ಸೂ ಗುಡುಗುತ್ತಿತ್ತು, ಯಾರಿಗೂ ಕೇಳಿಸಲಿಲ್ಲ.

"ಇನ್ನೂ ಜೋರು ಅಮ್ಮಾ! ಅವ್ನ ಕಿವೀನೂ ಕಟ್ಟಿದ್ಯಂತೆ!"

ಇನ್ನೂ ಜೋರು ಮಾಡಿದೆ. ಗೂಳೂರಿನಲ್ಲಿ ಒಂದು ತುತ್ತು ಹತ್ತಿತು. ನಾಗವಲ್ಲಿಯಲ್ಲಿ ಇನ್ನೊಂದು. ನನಗೆ ಹುಮ್ಮಸ್ಸು ಬಂತು. ಕಣ್ಣು ಮುಚ್ಚಿಕೊಂಡೆ. ಮುಂದೆ ಮಗನ ಕೆನ್ನೆ ಮಾತ್ರ ಕಾಣುತ್ತಿತ್ತು. ತುತ್ತೇ ತುರ್ತು, ಉಳಿದದ್ದೆಲ್ಲ ಆಮೇಲೆ.

ಇಷ್ಟರಲ್ಲಿ ನಮ್ಮ ಬಸ್ಸು ಹೆಬ್ಬೂರಿಗೆ ಬಂದು ನಿಂತದ್ದು ನನಗೆ ಗೊತ್ತಾಗಲಿಲ್ಲ. ಕದರಯ್ಯ ಟಾಪಿನಿಂದ ಯಾರದೋ ತೆಂಗಿನಕಾಯಿ ಮೂಟೆ ಇಳಿಸಿ, ರಸ್ತೆಯಾಚೆ ಟೀ ಕುಡಿಯಲು ಹೋದದ್ದು ಗೊತ್ತಾಗಲಿಲ್ಲ. ಡ್ರೈವರ್ ರಂಗಯ್ಯ ಎಂದಿನಂತೆ ಇಂಜಿನ್ ಆಫ್ ಮಾಡಿದ್ದೂ ಗೊತ್ತಾಗಲಿಲ್ಲ. ಗುಡುಗು ನಿಂತ ಬಸ್ಸಿನೊಳಗೆ, ಟಾರ್ಪಾಲಿನ ನೀಲಿ ಕತ್ತಲಲ್ಲಿ, ನನ್ನ ಗಂಟಲೊಂದೇ ಓಡುತ್ತಿತ್ತು.

"ಕುಣಿಗಲ್ ಕುಣಿಗಲ್ ಕುಣಿಗಲ್! ಲಾಸ್ಟ್ ಸ್ಟಾಪ್! ಎದ್ದೇಳ್ರೀ ಯಜಮಾನ್ರೇ, ಮನೆ ಅಂದ್ಕಂಡ್ರಾ ಇದ್ನ? ಲಗೇಜ್ ಬಿಟ್ಟೋಗ್ಬ್ಯಾಡಿ! ಒಳ್ಗಡೆ ಯಾರೂ ಕೂರಂಗಿಲ್ಲ, ಇಳೀರಿ ಇಳೀರಿ ಇಳೀರಿ!"

ಆ ಕಡೆ ಚಮಚ ತಟ್ಟೆಗೆ ತಾಗಿದ ಸದ್ದು. ಆಮೇಲೆ ಇಂಪನಾಳ ಕೂಗು: "ಅಮ್ಮಾ, ರೆಡಿ! ರೈಟ್ ಹೇಳು, ರೈಟ್ ಹೇಳು!"

ಹೊಟ್ಟೆಯಾಳದಿಂದ ಎಳೆದು ಹೇಳಿದೆ. "ರೈ...ಟ್! ಓಗ್ಲಿ ರೈಟ್!"

ಇಲ್ಲೊಂದು ಮಾತು ಹೇಳಬೇಕು. ಕದರಯ್ಯ ಸೀಟಿ ಊದುವವನಲ್ಲ. ಅವನ ಗಂಟಲೇ ಸೀಟಿ. ರಂಗಯ್ಯನೂ ಕನ್ನಡಿ ನೋಡುವವನಲ್ಲ. ಹಿಂದಿನಿಂದ 'ರೈಟ್' ಬಂದರೆ ಅವನ ಕಾಲು ತಾನಾಗಿ ಒತ್ತುತ್ತದೆ, 'ಹೋಲ್ಡಾನ್' ಬಂದರೆ ತಾನಾಗಿ ಎತ್ತುತ್ತದೆ. ಇಬ್ಬರ ನಡುವೆ ಅಷ್ಟು ನಂಬಿಕೆ.

ಬಸ್ಸು ಹೊರಟಿತು.

"ನುಂಗ್ದಾ?" ಎಂದೆ.

"ತಡಿ, ಬಾಯಿ ಚೆಕ್ ಮಾಡ್ತಿದಾರೆ ಅಜ್ಜಿ," ಎಂದಳು ಇಂಪನಾ.

ವೇಲು ಸರಿಸಿ ಉಸಿರು ಬಿಟ್ಟೆ. ಪಕ್ಕದ ರಂಗಲಕ್ಷ್ಮಮ್ಮ ನನ್ನನ್ನೇ ನೋಡುತ್ತಿದ್ದರು. ಬಾಯಲ್ಲಿದ್ದ ಎಲೆಯಡಿಕೆ ಅಗಿಯುವುದನ್ನೂ ಮರೆತಿದ್ದರು. ಗುರುವಿನ ಕೆನ್ನೆಯ ಹಾಗೆಯೇ ಇತ್ತು ಅವರ ಕೆನ್ನೆ.

"ಅಲ್ಲ ಕಣವ್ವ," ಎಂದರು ಮೆಲ್ಲಗೆ, "ನೀನೇನು ಲೇಡಿ ಕಂಡಕ್ಟ್ರಾ?"

"ಯಾಕಜ್ಜಿ?"

"ಹೆಬ್ಬೂರ್ನಾಗೆ ಕುಣಿಗಲ್ ಅಂತ ಕೂಗ್ಬುಟ್ಯಲ್ಲ! ಮುಂದ್ಗಡೆ ಮಲ್ಗಿದ್ದೋರು ದಡಬಡ ಎದ್ದು ಇಳ್ದೋದ್ರು. ಅವ್ರ ಹಿಂದೆ ಇನ್ನೊಬ್ಬ ಯಜಮಾನ. ನಾನೂ ಇಳ್ಯೋಳು, ನನ್ ಬುಟ್ಟಿಗೆ ನಿನ್ ವೇಲು ಸಿಕ್ಕಾಕಂಡಿತ್ತು, ಅದುಕ್ಕೆ ಉಳ್ಕಂಡೆ."

"ಕಂಡಕ್ಟ್ರು ಎಲ್ಲಿ?"

"ಅವ್ನಾ? ಟೀ ಕುಡೀತಾವ್ನೆ."

"ಎಲ್ಲಿ?"

"ಹೆಬ್ಬೂರ್ನಾಗೆ."

ನಾನು ರೈಟ್ ಅಂದದ್ದು ಎಷ್ಟು ರಾಂಗ್ ಆಗಿತ್ತೆಂದು ಆಗ ಹೊಳೆಯಿತು. ಸೀಟಿನಿಂದ ಸೀಟಿಗೆ ಕೈಹಿಡಿದು ಮುಂದೆ ಓಡಿದೆ.

"ಅಣ್ಣಾ, ಬಸ್ ನಿಲ್ಸಿ! ಕಂಡಕ್ಟ್ರು ಹೆಬ್ಬೂರಲ್ಲೇ ಉಳ್ಕೊಂಡಿದಾರೆ!"

ರಂಗಯ್ಯ ತಿರುಗಿಯೂ ನೋಡಲಿಲ್ಲ. "ತಮಾಸೆ ಮಾಡ್ಬ್ಯಾಡ ಕಣವ್ವ. ಈಗ್ತಾನೆ ರೈಟ್ ಅಂದವ್ನೆ."

"ಅದು ನಾನು ಅಂದಿದ್ದು!"

"ನೀನಾ?" ರಂಗಯ್ಯ ನಕ್ಕ. "ಹೋಗಿ ಕೂತ್ಕೋ ತಾಯಿ. ನಮ್ ಕದ್ರನ್ ಗಂಟ್ಲು ನಂಗೊತ್ತಿಲ್ವಾ? ಏ ಕದ್ರಾ, ಯಾರೋ ನಿನ್ನ ಬಿಟ್ಟೋಗೀವಿ ಅಂತಾವ್ರೆ ನೋಡ್ಲಾ!"

ಉತ್ತರ ಬರಲಿಲ್ಲ. ಆದರೂ ಬಸ್ಸು ನಿಲ್ಲಲಿಲ್ಲ. ಬೇರೆ ದಾರಿ ಕಾಣದೆ ಅಲ್ಲೇ ಅವನ ಕಿವಿಯ ಹಿಂದೆ ನಿಂತು ಉಸಿರೆಳೆದು ಕೂಗಿದೆ.

"ಹೋಲ್ಡಾನ್ ಹೋಲ್ಡಾನ್ ಹೋಲ್ಡಾನ್!"

ರಂಗಯ್ಯನ ತಲೆಗೆ ಗೊತ್ತಾಗುವ ಮೊದಲೇ ಕಾಲಿಗೆ ಗೊತ್ತಾಯಿತು. ಬಸ್ಸು ಗಕ್ಕನೆ ನಿಂತಿತು. ರಂಗಲಕ್ಷ್ಮಮ್ಮನ ಬುಟ್ಟಿಯಿಂದ ಒಂದು ಕಟ್ಟು ಎಲೆ ಹಾರಿ ಬಂದು ಗೇರ್ ಬಾಕ್ಸಿನ ಮೇಲೆ ಬಿತ್ತು. ರಂಗಯ್ಯ ನಿಧಾನವಾಗಿ ತಿರುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಅವ್ವಾ," ಎಂದ, ಎರಡೂ ಕೈ ಜೋಡಿಸಿ, "ಕದ್ರ ಏನಾರ ನಿನ್ ಮೈಮೇಲೆ ಬಂದವ್ನಾ?"

ರಸ್ತೆ ಪಕ್ಕದ ಹುಣಸೆಮರದ ಕೆಳಗೆ ಕಾದೆವು. ಮಳೆ ಜಿನುಗುತ್ತಲೇ ಇತ್ತು. ಸ್ವಲ್ಪ ಹೊತ್ತಿಗೆ ಹೆಬ್ಬೂರು ಕಡೆಯಿಂದ ಹಾರನ್ ಹೊಡೆಯುತ್ತ ಒಂದು ಹಾಲಿನ ಟೆಂಪೋ ಬಂತು. ಹಿಂದೆ ಹಾಲಿನ ಕ್ಯಾನುಗಳ ಮಧ್ಯೆ ನಿಂತಿದ್ದ ಕದರಯ್ಯನ ಕೈಯಲ್ಲಿ ಟೀ ಲೋಟ ಇನ್ನೂ ಹಾಗೇ ಇತ್ತು. ಅವನ ಪಕ್ಕದಲ್ಲಿ ಒಬ್ಬ ಯಜಮಾನ. ಆ ಯಜಮಾನನ ಪಕ್ಕದಲ್ಲಿ, ಒಂದು ಕ್ಯಾನನ್ನು ಎರಡೂ ಕೈಯಿಂದ ತಬ್ಬಿಕೊಂಡು, ಶಾಲು ಜಾರಿ, ಕನ್ನಡಕದ ತುಂಬ ಮಳೆಹನಿ ತುಂಬಿಕೊಂಡಿದ್ದವರು ಡಾಕ್ಟರ್ ಗಂಗಾಂಬಿಕೆ ಮೇಡಂ.

ನನ್ನ ರಕ್ತ ನಿಂತುಹೋಯಿತು. ಆಗ ಯಾರಾದರೂ ಸೂಜಿ ಹಾಕಿದ್ದರೆ ಒಂದು ಹನಿಯೂ ಸಿಗುತ್ತಿರಲಿಲ್ಲ.

ಆಮೇಲೆ ತಿಳಿದದ್ದು: ಬ್ರಾಂಚಿನ ಜಾಗ ನೋಡಲು ಹಿಂದಿನ ದಿನ ತುಮಕೂರಿಗೆ ಬಂದಿದ್ದ ಮೇಡಂ ತಂಗಿಯ ಮನೆಯಲ್ಲಿ ಉಳಿದಿದ್ದರು. ಬೆಳಿಗ್ಗೆ ಕಾರು ಸ್ಟಾರ್ಟ್ ಆಗಿರಲಿಲ್ಲ. ಬಸ್ಸು ಹತ್ತಿ ಎಷ್ಟೋ ಕಾಲವಾಗಿದ್ದವರು ಅಂದು ಹತ್ತಿದ್ದು ನಮ್ಮ ಬಸ್ಸನ್ನೇ.

ಕದರಯ್ಯ ಟೆಂಪೋದಿಂದ ಜಿಗಿದವನೇ ರಂಗಯ್ಯನ ಮೇಲೆ ಹರಿಹಾಯ್ದ. "ಏನ್ಲಾ ರಂಗಾ, ಕಣ್ಣು ಎಲ್ಲಿ ಮಡ್ಗಿದ್ದೆ? ನನ್ನ ಬಿಟ್ಟು ಹೊಂಟೋದ್ಯಲ್ಲ!"

"ನೀನೇ ರೈಟ್ ಅಂದ್ಯಲ್ಲೋ!"

"ಅದೇ ಕಣ್ಲಾ ನಂಗೂ ಗಾಬ್ರಿ! ನಾನು ಟೀ ಕುಡೀತಾ ಇದೀನಿ, ಬಸ್ಸೊಳ್ಗಿಂದ ನನ್ ದನಿ ಕುಣಿಗಲ್ ಕುಣಿಗಲ್ ಅಂತದೆ! ನಾನೇ ಹತ್ತಿ ಹೊಂಟೋದ್ನಾ, ಹಂಗಾರೆ ಇಲ್ಲಿ ಟೀ ಕುಡೀತಿರೋನು ಯಾರು ಅಂತ ಮೈ ಮುಟ್ಕಂಡು ನೋಡ್ಕಂಡೆ!"

ಮೇಡಂ ಸೆರಗಿನಲ್ಲಿ ಕನ್ನಡಕ ಒರೆಸಿ ಹಾಕಿಕೊಂಡರು. "ಹೆಬ್ಬೂರಲ್ಲಿ. ಕುಣಿಗಲ್ ಅಂತ. ಕೂಗಿದ್ದು. ಯಾರು?"

ರಂಗಲಕ್ಷ್ಮಮ್ಮ ಪಾಪ, ನನ್ನ ಕಡೆ ನೋಡದೆ ಆಕಾಶ ನೋಡಿದರು. ರಂಗಯ್ಯ ಮಾತ್ರ ನನ್ನನ್ನೇ ನೋಡುತ್ತಿದ್ದ; ದೇವರು ಬಂದ ಹೆಂಗಸನ್ನು ತೋರಿಸಿಕೊಡುವ ಧೈರ್ಯ ಅವನಿಗಿರಲಿಲ್ಲ. ಅಷ್ಟರಲ್ಲಿ ನನ್ನ ಕೈಯಲ್ಲಿದ್ದ, ಕಟ್ ಮಾಡಲು ಮರೆತಿದ್ದ ಫೋನು ಮಾತಾಡಿತು. ಇಂಪನಾಳದಲ್ಲ, ಮೂಗು ಕಟ್ಟಿದ, ಗೆಲುವಿನ, ಸಣ್ಣ ದನಿ.

"ಅಮ್ಮಾ! ನುಂಗ್ದೆ! ಎಲ್ಲಾ ಇಳ್ದೋದ್ರು! ಕದ್ರಯ್ಯಾ, ಇನ್ನೊಂದ್ ಟ್ರಿಪ್ಪು!"

ಮೇಡಂ ಕೈ ಚಾಚಿದರು. ನಾನು ಫೋನು ಕೊಟ್ಟೆ. ಕೆಲಸವನ್ನೇ ಕೊಟ್ಟ ಹಾಗಿತ್ತು.

"ಯಾರಪ್ಪಾ ನೀನು?"

"ನಾನು ಬಸ್ಸು."

"ಬಸ್ಸಾ? ನಿನ್ನ ಕಂಡಕ್ಟರ್ ಯಾರು?"

"ಅಮ್ಮ. ನೀವ್ಯಾರು? ಪ್ಯಾಸೆಂಜರಾ?"

ಮೇಡಂ ಒಂದು ಕ್ಷಣ ತಮ್ಮ ಒದ್ದೆ ಸೀರೆ ನೋಡಿಕೊಂಡರು. "ಹೌದು," ಎಂದರು. "ಮಧ್ಯದಲ್ಲಿ ಇಳಿಸಿಬಿಟ್ಟ ಪ್ಯಾಸೆಂಜರು."

"ಕದ್ರಯ್ಯಂಗೆ ಕೊಡಿ."

ಮೇಡಂ ಫೋನನ್ನು ಕದರಯ್ಯನ ಬಾಯ ಹತ್ತಿರ ಹಿಡಿದರು. ಅವನಿಗೆ ಏನೂ ಅರ್ಥವಾಗದಿದ್ದರೂ ಅಭ್ಯಾಸಬಲದಿಂದ ಗಂಟಲು ಸರಿಮಾಡಿಕೊಂಡು, "ಹೆಬ್ಬೂರ್ ಹೆಬ್ಬೂರ್, ಯಾರ್ರೀ ಹೆಬ್ಬೂರ್," ಎಂದ.

ಆ ಕಡೆ ಸ್ವಲ್ಪ ಹೊತ್ತು ಯೋಚನೆ ನಡೆಯಿತು.

"ಇದು ಡೂಪ್ಲಿಕೇಟು," ಎಂದ ಗುರು. "ಒರ್ಜಿನಲ್ ಕೊಡಿ."

ರಂಗಲಕ್ಷ್ಮಮ್ಮ ಮೊದಲು ನಕ್ಕರು, ಬಾಯಲ್ಲಿದ್ದ ಎಲೆಯಡಿಕೆ ಸಮೇತ. ಆಮೇಲೆ ರಂಗಯ್ಯ. ಟೆಂಪೋದವನೂ ನಕ್ಕ. ಕದರಯ್ಯ ಟೀ ಲೋಟ ಹಿಡಿದುಕೊಂಡು, "ನಂದೇ ಡೂಪ್ಲಿಕೇಟಾ? ಅಯ್ಯೋ, ಸರ್ವೀಸೆಲ್ಲಾ ಹೊಳೇಲಿ ಹೋಯ್ತಲ್ರೋ!" ಎಂದು ಹಣೆ ಚಚ್ಚಿಕೊಂಡ. ಮೇಡಂ ನಗಲಿಲ್ಲ. ಫೋನು ನನ್ನ ಕೈಗಿಟ್ಟು ಬಸ್ಸು ಹತ್ತಿದರು.

ಹತ್ತಿ ಮುಂದಿನ ಸೀಟಿಗೆ ಹೋಗಲಿಲ್ಲ. ಹಿಂದೆ ಬಂದು, ರಂಗಲಕ್ಷ್ಮಮ್ಮನನ್ನು ಸರಿಸಿ, ನನ್ನ ಪಕ್ಕ ಕೂತರು. ಅಸಲಿ 'ರೈಟ್' ಬಿತ್ತು. ಬಸ್ಸು ಹೊರಟ ಮೇಲೆ ಅವರು ಒದ್ದೆ ಸೆರಗು ಹಿಂಡಿಕೊಂಡರು. ನಾನು ಮನಸ್ಸಿನಲ್ಲೇ ಶಿವಮೂರ್ತಿಗೆ ಹೇಳಬೇಕಾದ ಮಾತನ್ನು ಜೋಡಿಸಿಕೊಳ್ಳುತ್ತಿದ್ದೆ. ಕೆಲಸ ಹೋಯ್ತು ರೀ, ಅತ್ತೇನೂ ಊರಿಗೆ ಹೋಗಲಿ, ನಾನು ಮನೆಯಲ್ಲೇ ಬಸ್ಸು ಓಡಿಸ್ತೀನಿ.

"ಸಿರಪ್ ಕೊಟ್ರಾ?" ಎಂದರು ಮೇಡಂ, ಮುಂದೆ ನೋಡುತ್ತಲೇ.

"ಆಂ? ಹೂಂ ಮೇಡಂ. ಈಗ ಕೊಟ್ಟಿರ್ತಾರೆ."

"ಕೇಳು."

ಕೇಳಿದೆ. ಕೊಟ್ಟಿದ್ದರು. ಹೇಳಿದೆ. ಹೊಲಗಳಲ್ಲಿ ರಾಗಿ ಪೈರು ನೆನೆಯುತ್ತಿದ್ದುದು ಟಾರ್ಪಾಲಿನ ಸಂದಿಯಲ್ಲಿ ಕಾಣುತ್ತಿತ್ತು.

"ನನ್ನ ಮಗಳು," ಎಂದರು ಮೇಡಂ ಬಹಳ ಹೊತ್ತಿನ ಮೇಲೆ. "ಚಿಕ್ಕವಳಿದ್ದಾಗ. ತುತ್ತು ಬಾಯಿಗಿಟ್ಟ ಮೇಲೆ ಹೊಟ್ಟೆಗೆ ಸ್ಟೆತಸ್ಕೋಪ್ ಇಡಬೇಕಿತ್ತು. ಅನ್ನ ಇಳಿದ ಸದ್ದು ಕೇಳಿಸ್ತು ಅನ್ನಬೇಕಿತ್ತು. ಆಮೇಲೆ ಇನ್ನೊಂದು ತುತ್ತು. ಡ್ಯೂಟಿಗೆ ದಿನಾ ಲೇಟು."

"ನಿಜವಾಗ್ಲೂ ಕೇಳಿಸ್ತಿತ್ತಾ ಮೇಡಂ?"

"ಎಲ್ಲಿ ಕೇಳಿಸುತ್ತೆ? ಸುಳ್ಳು ಹೇಳ್ತಿದ್ದೆ." ನನ್ನ ಕಡೆ ತಿರುಗಿದರು. "ನೀನೂ ಹೇಳಿದ್ದೆ. ನಮ್ಮ ಮಕ್ಕಳು ಫೋನ್ ಮಾಡಲ್ಲ. ತುಂಬಾ ಶಾಂತ."

ನಾನು ತಲೆ ತಗ್ಗಿಸಿದೆ. "ತುಮಕೂರು ಬ್ರಾಂಚಾದ್ರೆ ಫೋನೇ ಬೇಕಾಗಲ್ಲ ಮೇಡಂ. ಅವನಿಗೆ ತಿಂಡಿ ತಿನ್ಸಿ ಹೋಗಿ, ಊಟದ ಹೊತ್ತಿಗೆ ಮನೇಲಿರ್ತೀನಿ. ಕಂಡಕ್ಟ್ರನ್ನ ಅಲ್ಲೇ ಎದುರಿಗೇ ಮಾಡ್ತೀನಿ. ಅತ್ತೇಗೂ ಮಂಡಿ ನೋವು, ಅರ್ಧ ದಿನ ಆದ್ರೆ ಇರ್ತೀನಿ ಅಂದಿದಾರೆ. ಇಲ್ದಿದ್ರೆ..." ಮುಂದಿನದು ಗಂಟಲಲ್ಲಿ ನಿಂತಿತು. ರೈಟ್ ಹೇಳುವವರು ಯಾರೂ ಇರಲಿಲ್ಲ.

"ಲ್ಯಾಬಿಗೆ ಹೋದ ಕೂಡಲೇ. ನನ್ನ ಕ್ಯಾಬಿನ್‌ಗೆ ಬಾ," ಎಂದರು. ಅಷ್ಟೇ.

ಕುಣಿಗಲ್‌ನಲ್ಲಿ ಇಳಿಯುವಾಗ ಕದರಯ್ಯ ಬಾಗಿಲಲ್ಲಿ ನನಗೆ ಅಡ್ಡ ನಿಂತ. "ನಾಳೆಯಿಂದ ನೀವು ಕೂಗಿ, ನಾನು ಕೂತ್ಕಂಡು ಬರ್ತೀನಿ. ಟಿಕೆಟ್ ಮಾತ್ರ ತಗೋಬೇಕು ನೋಡಿ," ಎಂದ. ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಬಿಳಿ ಕೋಟು ಹಾಕಿಕೊಂಡು ಕ್ಯಾಬಿನ್‌ಗೆ ಹೋದೆ. ಮೇಡಂ ಸೀರೆ ಬದಲಿಸಿ ಕೂತಿದ್ದರು. ಮೇಜಿನ ಮೇಲೆ ಇಂಟರ್‌ಕಾಮ್.

"ಪರದೆ ಹಿಂದೆ ನಿಂತು. ನನ್ನ ಹಾಗೆ ಕೆಮ್ಮುತ್ತೀಯಂತೆ?"

ಇದು ಹೇಗೆ ಗೊತ್ತಾಯಿತೋ! ನೆಲದ ಟೈಲ್ಸು ನೋಡಿದೆ.

"ಕೆಮ್ಮು ಮಾತ್ರಾನಾ. ಮಾತೂ ಬರುತ್ತಾ?"

"ಸ್ವಲ್ಪ ಬರುತ್ತೆ ಮೇಡಂ."

ಇಂಟರ್‌ಕಾಮನ್ನು ನನ್ನ ಕಡೆ ತಳ್ಳಿದರು. "ಪ್ರಮೀಳಾನ ಕರಿ. ನನ್ನ ಹಾಗೆ. ನನ್ನ ದನಿ ಹೊರಗಿನಿಂದ ಹೆಂಗಿರುತ್ತೆ, ನಾನೂ ಕೇಳಬೇಕು. ಕದರಯ್ಯ ಒಬ್ಬನೇ ಯಾಕೆ ಕೇಳಬೇಕು?"

ಕೆಲಸ ಹೋಗುವುದು ಹೇಗೂ ಹೋಗುತ್ತದೆ, ಗೌರವದಿಂದ ಹೋಗಲಿ ಎನಿಸಿತು. ಬಟನ್ ಒತ್ತಿದೆ. ಮೂಗಿನ ತುದಿಗೆ ಇಲ್ಲದ ಕನ್ನಡಕ ಜಾರಿಸಿಕೊಂಡೆ. ಒಂದು ಕೆಮ್ಮು ಕೆಮ್ಮಿದೆ. ಆಚೆ ಪ್ರಮೀಳಾಳ ಕುರ್ಚಿ ಹಿಂದಕ್ಕೆ ಸರಿದ ಸದ್ದು ಕೇಳಿಸಿತು. ಎದ್ದು ನಿಂತಿದ್ದಳು.

"ಪ್ರಮೀಳಾ."

"ಹೇಳಿ ಮೇಡಂ!"

ಅಲ್ಲಿಗೆ ನಿಲ್ಲಿಸಬೇಕಿತ್ತು. ಕರೆ ಎಂದಿದ್ದರು, ಕರೆದಾಗಿತ್ತು. ಆದರೆ ಬೇರೆಯವರ ದನಿ ಬಾಯಿಗೆ ಬಂದರೆ ಅವರ ಅಧಿಕಾರವೂ ಸ್ವಲ್ಪ ಬಂದುಬಿಡುತ್ತದೆ.

"ತುಮಕೂರು ಬ್ರಾಂಚಿಗೆ. ರೂಪಶ್ರೀನ ಹಾಕಿದೀನಿ. ನಿನಗೆ ಏನ್. ಅಭ್ಯಂತರ?"

ಎದುರಿಗೆ ಕೂತಿದ್ದ ಮೇಡಂ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ನಾನೂ ಇಲ್ಲದ ಕನ್ನಡಕದ ಮೇಲಿಂದ ಅವರನ್ನು ನೋಡಿದೆ.

ಆಮೇಲೆ ಪ್ರಮೀಳಾ ಒಂದೇ ಉಸಿರಿಗೆ ಶುರುಮಾಡಿದಳು. "ಅಯ್ಯೋ ಬದುಕ್ದೆ ಮೇಡಂ! ನಿಮ್ಮ ಕಾಲಿಗೆ ಬಿದ್ದೆ ಅನ್ಕೊಳ್ಳಿ! ನನ್ನನ್ನೇ ಹಾಕ್ತೀರ ಅಂತ ಭಯಕ್ಕೆ ನಿದ್ದೇನೇ ಬಂದಿರ್ಲಿಲ್ಲ. ಇಲ್ಲಿ ನಡ್ಕೊಂಡ್ ಬಂದು ನಡ್ಕೊಂಡ್ ಹೋಗ್ತೀನಿ, ಅಲ್ಲಿಗೆ ದಿನಾ ಆ ಬಸ್ಸಲ್ಲಿ ಹೋಗ್ಬೇಕಿತ್ತು. ಬಸ್ಸಂದ್ರೆ ವಾಂತಿ ಬರುತ್ತೆ ನಂಗೆ. ನಿಮ್ಮ ಹತ್ರ ಹೇಳೋಕೆ ಧೈರ್ಯ ಇರ್ಲಿಲ್ಲ. ನೀವೆಷ್ಟು ಒಳ್ಳೇವ್ರು ಮೇಡಂ! ರೂಪಕ್ಕ ಸುಮ್ಸುಮ್ನೆ ನಿಮ್ಮನ್ನ ಅಣಕ ಮಾಡ್ತಾಳೆ!"

ನಾನು ಬಟನ್ನಿನ ಮೇಲಿಂದ ಬೆರಳು ತೆಗೆಯಲು ಮರೆತಿದ್ದೆ. ಮೇಡಂ ಬಾಯಿಗೆ ಕೈ ಅಡ್ಡ ಹಿಡಿದಿದ್ದರು. ಭುಜ ಕುಲುಕುತ್ತಿತ್ತು. ನಾನು ಅವರ ದನಿಯನ್ನು ಬಿಟ್ಟು ನನ್ನ ದನಿಗೆ ಬಂದು, "ಮೇಡಂ, ಇದನ್ನ ಕ್ಯಾನ್ಸಲ್ ಮಾಡ್ಬೇಕಾ?" ಎಂದೆ.

ಅವರು ಇಂಟರ್‌ಕಾಮನ್ನು ತಮ್ಮ ಕಡೆ ಎಳೆದುಕೊಂಡರು. ಕೆಮ್ಮಿದರು. ಆಚೆ ಪ್ರಮೀಳಾಳ ಕುರ್ಚಿ ಮತ್ತೆ ಸರಿಯಿತು.

"ಪ್ರಮೀಳಾ. ಈಗ ಹೇಳಿದ್ದು. ಫೈನಲ್."

"ಥ್ಯಾಂಕ್ಸ್ ಮೇಡಂ! ಆದ್ರೆ ಮೇಡಂ..." ಪ್ರಮೀಳಾ ದನಿ ತಗ್ಗಿಸಿದಳು. "ಮೊದ್ಲು ಹೇಳಿದ್ದು ನೀವೇ ಅಂತ ಗೊತ್ತಾಯ್ತು. ಈಗ ಹೇಳ್ತಿರೋದು ರೂಪಕ್ಕ ಅಲ್ವಾ? ನಿಮ್ಮ ಹಂಗೆ ಬರ್ತಿಲ್ಲ."

ಹೆಬ್ಬೂರಿನಲ್ಲಿ ಇಳಿಸಿಕೊಂಡು, ಹಾಲಿನ ಕ್ಯಾನು ತಬ್ಬಿಕೊಂಡು, ತಮ್ಮದೇ ಲ್ಯಾಬಿನಲ್ಲಿ ಡೂಪ್ಲಿಕೇಟ್ ಆಗಿಹೋಗಿದ್ದ ಡಾಕ್ಟರ್ ಗಂಗಾಂಬಿಕೆ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮೊದಲು ಮೂಗಿನಿಂದ ಒಂದು ಸದ್ದು ಬಂತು. ಆಮೇಲೆ ಗಂಟಲಿಂದ. ಆಮೇಲೆ, ಎಲ್ಲ ಫುಲ್‌ಸ್ಟಾಪುಗಳನ್ನೂ ಬಿಟ್ಟು, ಹೊಟ್ಟೆಯಿಂದ. ನಾನು ನಕ್ಕೆ, ಏನೆಂದು ತಿಳಿಯದೆ ಓಡಿ ಬಂದ ಪ್ರಮೀಳಾ ನಕ್ಕಳು, ಹೊರಗೆ ತೋಳಿಗೆ ಹತ್ತಿ ಒತ್ತಿಕೊಂಡು ಕೂತಿದ್ದವರೂ ನಕ್ಕರು. ಆದರೆ ನಮ್ಮ ಯಾರ ನಗುವೂ ಕೇಳಿಸಲಿಲ್ಲ. ಕ್ಯಾಬಿನ್ನಿನ ಗಾಜು ನಡುಗುವ ಹಾಗೆ ಮೇಡಂ ನಗುತ್ತಿದ್ದರು.